ಟ್ರೇಲರ್ ಕರೆಂಟಿಗೆ ಯಾವ ಕಾವಲು? ಮೂರನ್ನೂ ಹಾಕಿ ನೋಡಿದೆ

ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ನಾವು ಬೇಸಿಗೆ ಬಂತೆಂದರೆ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟುವ ಚಕ್ರದ ಮನೆ, ಎಳೆದುಕೊಂಡು ಹೊರಡುವವರು. 30 ಆಂಪ್‌ನ ಪ್ಲಗ್, ಮೇಲೆ 13,500 ಬಿಟಿಯು ಎಸಿ ಒಂದು. ಕೊಂಡ ಮೊದಲ ವಾರವೇ ಸುಮಾರು 90 ಡಾಲರ್ ಕೊಟ್ಟು ದಿಢೀರನೆ ಏರುವ ವೋಲ್ಟೇಜನ್ನು ತಡೆಯುವ ಒಂದು ಸಾದಾ ಸರ್ಜ್ ಪ್ರೊಟೆಕ್ಟರ್ ತಂದೆ. ಕ್ಯಾಂಪ್‌ಗ್ರೌಂಡಿನ ಕರೆಂಟ್ ಕಂಬಕ್ಕೆ ಅದನ್ನು ಸಿಕ್ಕಿಸಿ, ಅದಕ್ಕೆ ನಮ್ಮ ಕೇಬಲ್ ಸಿಕ್ಕಿಸಿದರೆ ಆಯಿತು. ಹಸಿರು ದೀಪ ಉರಿದರೆ ಎಲ್ಲ ಸರಿ ಎಂದು ನಂಬಿದ್ದೆ.

ಆಗಸ್ಟ್‌ನಲ್ಲಿ ಹಿಲ್ ಕಂಟ್ರಿಯ ಒಂದು ಕ್ಯಾಂಪ್‌ಗ್ರೌಂಡಿನಲ್ಲಿದ್ದೆವು. ಮಧ್ಯಾಹ್ನ ನಾಲ್ಕು ಗಂಟೆ, ಸುತ್ತಲಿನ ಎಲ್ಲ ಟ್ರೇಲರ್‌ಗಳ ಎಸಿ ಒಟ್ಟಿಗೆ ಓಡುತ್ತಿತ್ತು. "ರೀ, ಎಸಿ ಯಾಕೋ ಗುಂಯ್ ಅಂತಿದೆ ನೋಡಿ" ಎಂದಳು ನನ್ನ ಹೆಂಡತಿ. ಗೋಡೆಯ ಸಾಕೆಟ್ಟಿಗೆ ವೋಲ್ಟ್‌ಮೀಟರ್ ಹಾಕಿದರೆ 101 ವೋಲ್ಟ್. ಇರಬೇಕಾದದ್ದು 120. ಓಡಿಹೋಗಿ ಎಸಿ ಆರಿಸಿ ಹೊರಗೆ ಬಂದರೆ, ಕಂಬದ ಮೇಲೆ ಹಸಿರು ದೀಪ ಉರಿಯುತ್ತಲೇ ಇತ್ತು.

ಆ ಸಪ್ಪಳ ನನಗೆ ಹೊಸದಲ್ಲ. ತಿಪಟೂರಿನ ಹತ್ತಿರದ ನಮ್ಮ ತೋಟದಲ್ಲಿ ಪಂಪ್‌ಸೆಟ್ ಮೋಟರ್ ಸುಡುವ ಮುಂಚೆ ಹೀಗೇ ನರಳುತ್ತಿತ್ತು. ಸಿಡಿಲಿಗೆ ಸುಟ್ಟದ್ದು ಒಮ್ಮೆಯೋ ಎರಡು ಸಲವೋ, ಲೋ ವೋಲ್ಟೇಜಿಗೆ ಸುಟ್ಟದ್ದಕ್ಕೆ ಲೆಕ್ಕವಿಲ್ಲ. ಎಸಿಯ ಕಂಪ್ರೆಸರ್ ಕೂಡ ಮೋಟರೇ. ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಆಂಪ್ ಎಳೆದು ಕಾಯುತ್ತದೆ. 120 ಇದ್ದದ್ದು 104ಕ್ಕೆ ಇಳಿದರೆ ಅದರ ಸ್ಟಾರ್ಟಿಂಗ್ ಟಾರ್ಕ್ ಮುಕ್ಕಾಲು ಪಾಲಷ್ಟೇ ಉಳಿಯುತ್ತದೆ. ಸರ್ಜ್ ಪ್ರೊಟೆಕ್ಟರ್ ಒಳಗಿರುವ ಎಂಒವಿ ಬಿಲ್ಲೆಗಳಿಗೆ ಇದು ಗೊತ್ತೇ ಆಗುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುವ ಏರು ವೋಲ್ಟೇಜನ್ನು ಹೀರುವುದಷ್ಟೇ ಅವುಗಳ ಕೆಲಸ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕುವ ಜೂಲ್ ಸಂಖ್ಯೆ ಆ ಕೆಲಸದ್ದು ಮಾತ್ರ. ನಮಗೆ ಬೇಕಾದದ್ದು ಪಂಪ್‌ಸೆಟ್ ಸ್ಟಾರ್ಟರಿನ ನೋ-ವೋಲ್ಟ್ ಕಾಯಿಲ್ ಮಾಡುತ್ತಿದ್ದ ಕೆಲಸ: ವೋಲ್ಟೇಜ್ ಬಿದ್ದಾಗ ಕರೆಂಟನ್ನೇ ಕಡಿಯುವುದು.

ಹಾಗೆ ಕಡಿಯುವ ಸಾಧನಕ್ಕೆ ಇಲ್ಲಿ ಇಎಂಎಸ್ ಎನ್ನುತ್ತಾರೆ. ಮೊದಲು ಕೊಂಡದ್ದು ಕಂಬಕ್ಕೆ ಸಿಕ್ಕಿಸುವ ಹ್ಯೂಸ್ ಪವರ್ ವಾಚ್‌ಡಾಗ್, ಇಪಿಒ (ಅಪಾಯ ಕಂಡರೆ ತಾನೇ ಕರೆಂಟ್ ಕಡಿಯುವ ಸೌಲಭ್ಯ) ಇರುವ 30 ಆಂಪ್ ಮಾಡೆಲ್. ಇಪಿಒ ಇಲ್ಲದ ಮಾಡೆಲ್ ವೋಲ್ಟೇಜ್ ತೋರಿಸುತ್ತದೆಯೇ ಹೊರತು ಕಡಿಯುವುದಿಲ್ಲ. ಕೊಳ್ಳುವಾಗ ಈ ಮೂರಕ್ಷರ ನೋಡಿಕೊಳ್ಳಿ. 104ರ ಕೆಳಗೆ ಇಳಿದರೂ 132ರ ಮೇಲೆ ಏರಿದರೂ ಇದು ಕಡಿಯುತ್ತದೆ. ಮತ್ತೆ ಕೊಡುವ ಮುಂಚೆ 90 ಸೆಕೆಂಡ್ ಕಾಯುತ್ತದೆ, ಕಂಪ್ರೆಸರ್‌ಗೆ ಉಸಿರಾಡಲು ಅಷ್ಟು ಹೊತ್ತು ಬೇಕು. ವೋಲ್ಟ್, ಆಂಪ್, ವಾಟ್ ಎಲ್ಲ ಫೋನಿನಲ್ಲೇ ಕಾಣುತ್ತದೆ. ಅದನ್ನು ನೋಡಿಕೊಂಡೇ ಮಧ್ಯಾಹ್ನ ಗೀಸರನ್ನು ಗ್ಯಾಸಿಗೆ ಬದಲಿಸುವುದು ರೂಢಿಯಾಯಿತು. ಕೊರತೆ ಎಂದರೆ ಅದು ಇರುವ ಜಾಗ. ರಾತ್ರಿಯಿಡೀ ಹೊರಗೆ ನೇತಾಡುವ 250 ಡಾಲರ್‌ಗೂ ಮೇಲಿನ ವಸ್ತುವಿಗೆ ಬೀಗ ಹಾಕಬೇಕು, ಹೊರಡುವ ಗಡಿಬಿಡಿಯಲ್ಲಿ ಮರೆಯದೆ ಬಿಚ್ಚಿಕೊಳ್ಳಬೇಕು.

ಮುಂದಿನ ಬೇಸಿಗೆಗೆ ಪ್ರೊಗ್ರೆಸ್ಸಿವ್ ಇಂಡಸ್ಟ್ರೀಸ್‌ನ ಎಚ್‌ಡಬ್ಲ್ಯು30ಸಿ ಎಂಬ ಇಎಂಎಸ್ಸನ್ನು ಟ್ರೇಲರ್ ಒಳಗೇ ಕೂರಿಸಿದೆ. ಬೆಲೆಯಲ್ಲಿ ಹೆಚ್ಚು ಕಡಿಮೆ ಸಮ. ಕಡಿಯುವ ಮಟ್ಟವೂ ಅದೇ 104 ಮತ್ತು 132. ಜೂಲ್ ಲೆಕ್ಕದಲ್ಲಿ ಇದು 1,790, ವಾಚ್‌ಡಾಗ್ 2,400. ಈ ವ್ಯತ್ಯಾಸಕ್ಕಾಗಿ ನಾನಂತೂ ಆಯ್ಕೆ ಬದಲಿಸುವುದಿಲ್ಲ. ಮಂಚದ ಕೆಳಗೆ, ಕೇಬಲ್ ಒಳಬರುವ ಜಾಗಕ್ಕೂ ಬ್ರೇಕರ್ ಪ್ಯಾನೆಲ್‌ಗೂ ನಡುವೆ ಕೂರಿಸಲು ಅರ್ಧ ದಿನ ಹಿಡಿಯಿತು. ಕಂಬದ ಪ್ಲಗ್ ಕಿತ್ತು, ಬ್ಯಾಟರಿ ಬಿಚ್ಚಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ವೈರಿಗೆ ಕೈ ಹಾಕಿದೆ. 10 ಗೇಜಿನ ತಂತಿ ಬಲು ಬಿರುಸು, ಬಗ್ಗಿಸಿ ಟರ್ಮಿನಲ್ಲಿಗೆ ಕೂರಿಸುವಷ್ಟರಲ್ಲಿ ಬೆರಳು ನೋಯುತ್ತದೆ. ವೈರಿಂಗ್ ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಲಿ.

ಒಂದು ವಾರಾಂತ್ಯ ಎರಡನ್ನೂ ಒಟ್ಟಿಗೆ ಓಡಿಸಿದೆ. ಕಂಬ ದೂರವಿದ್ದುದರಿಂದ 25 ಅಡಿಯ ನಮ್ಮ ಕೇಬಲ್ಲಿಗೆ ಇನ್ನೊಂದು 25 ಅಡಿ ಜೋಡಿಸಿದ್ದೆ. ಎಸಿ, ಮೈಕ್ರೋವೇವ್ ಎರಡೂ ಓಡುವಾಗ ಕಂಬದ ವಾಚ್‌ಡಾಗ್ ಫೋನಿನಲ್ಲಿ 109 ಎಂದಿತು, ಒಳಗಿನದರ ಪರದೆ 106 ಎಂದಿತು. ಮೂರು ವೋಲ್ಟ್ ಕೇಬಲ್ಲಿನಲ್ಲೂ ಅದರ ಕೀಲುಗಳಲ್ಲೂ ಸೋರಿಹೋಗಿತ್ತು. ಎಸಿಗೆ ಸಿಗುವುದು 106. ಕಂಬದಲ್ಲಿ ಅಳೆಯುವವನು ಸಮಾಧಾನದಲ್ಲಿರುವಾಗಲೇ ಒಳಗಿನ ಮೋಟರ್ ಹದ ತಪ್ಪಿರಬಹುದು. ನಾನು ಒಳಗಿನದಕ್ಕೆ ಮನಸೋತದ್ದು ಇದರಿಂದ. ಆದರೆ ಸುಟ್ಟು ಕಪ್ಪಾದ ಹಳೆಯ ಸಾಕೆಟ್ ಎದುರಾದಾಗ ಕಂಬದ್ದೇ ಮೇಲು. ಹಾಳಾಗುವುದಿದ್ದರೆ ಅದರ ಪ್ಲಗ್ ಹಾಳಾಗುತ್ತದೆ, ನಮ್ಮ ಕೇಬಲ್ಲಿನದು ಉಳಿಯುತ್ತದೆ.

ತಪ್ಪು ವೈರಿಂಗ್ ವಿಷಯದಲ್ಲಿ ಎರಡೂ ಸಮ. ಟ್ರೇಲರ್‌ಗೆಂದೇ ಇರುವ 30 ಆಂಪ್‌, 120 ವೋಲ್ಟ್‌ನ ಟಿಟಿ-30 ಸಾಕೆಟ್ಟನ್ನು ಬಟ್ಟೆ ಒಣಗಿಸುವ ಡ್ರೈಯರ್ ಸಾಕೆಟ್ ಎಂದು ತಿಳಿದು 240 ವೋಲ್ಟ್ ಎಳೆದುಬಿಡುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಮನೆಯಂಗಳದಲ್ಲಿ ಹೊಸದಾಗಿ ಹಾಕಿಸಿದ ಸಾಕೆಟ್ಟಿನಲ್ಲಿ ಗೆಳೆಯರೊಬ್ಬರ ಮೈಕ್ರೋವೇವ್, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ಎರಡೂ ಹೋದದ್ದು ಹೀಗೆ. ಇಎಂಎಸ್ ಮೊದಲು ಪರೀಕ್ಷೆ ಮಾಡಿ, ಸರಿಯಿದ್ದರೆ ಮಾತ್ರ ಕರೆಂಟ್ ಬಿಡುತ್ತದೆ. ಪುಟ್ಟ ಇನ್ವರ್ಟರ್ ಜನರೇಟರ್ ಜೋಡಿಸಿದಾಗಲೂ ಎರಡೂ ಒಪ್ಪುವುದಿಲ್ಲ, ಅಂಥವುಗಳಲ್ಲಿ ನ್ಯೂಟ್ರಲ್ ಮತ್ತು ಅರ್ಥಿಂಗ್ ಕೂಡಿರುವುದಿಲ್ಲವಲ್ಲ. ಜನರೇಟರಿನ ಇನ್ನೊಂದು ಸಾಕೆಟ್ಟಿಗೆ ಅವೆರಡನ್ನೂ ಕೂಡಿಸುವ ಬಾಂಡಿಂಗ್ ಪ್ಲಗ್ ಹಾಕಿದ ಮೇಲೆ ತಕರಾರಿಲ್ಲ.

ಬಾಡಿಗೆಗೆ ತೆಗೆದುಕೊಳ್ಳುವವರಿಗೆ, ಬೇಗ ಟ್ರೇಲರ್ ಬದಲಿಸುವವರಿಗೆ ಕಂಬದ ಇಎಂಎಸ್ ಸಾಕು. ನಮ್ಮ ವಾಚ್‌ಡಾಗನ್ನು ಡಾಲಸ್‌ನಲ್ಲಿರುವ ಭಾವನಿಗೆ ಕೊಟ್ಟಿದ್ದೇನೆ. ಒಳಗಿನದರ ಟರ್ಮಿನಲ್ ಸ್ಕ್ರೂಗಳು ರಸ್ತೆಯ ಕುಲುಕಾಟಕ್ಕೆ ಸಡಿಲವಾಗುತ್ತವೆ. ಈ ಮಾರ್ಚ್‌ನಲ್ಲಿ ಮಂಚ ಎತ್ತಿ ನೋಡಿದಾಗ ಬಿಳಿ ತಂತಿಯದು ಕಾಲು ಸುತ್ತು ಬಿಗಿಯಾಯಿತು.