ಅಡಿಕೆ ತೋಟದ ವಾಲ್ವಿಗೆ ಯಾವ ರೇಡಿಯೋ?

ತೋಟದ ನೀರನ್ನು ಮನೆಯಿಂದಲೇ ಬಿಟ್ಟು ನಿಲ್ಲಿಸುವ ರಿಮೋಟ್ ವಾಲ್ವ್ ಎಂದ ಕೂಡಲೇ ಎಲ್ಲರೂ ಕೇಳುವುದು ‘ಎಷ್ಟು ದೂರ ಹೋಗುತ್ತದೆ?’ ಎಂದು. ನನಗೆ ಅದು ಎರಡನೆಯ ಪ್ರಶ್ನೆ. ಕಳುಹಿಸುವ ಪೆಟ್ಟಿಗೆಗೆ ಮನೆಯ ಕರೆಂಟಿದೆ. ತೋಟದ ತಳದಲ್ಲಿ ಒಂದೇ ಲಿಥಿಯಂ ಸೆಲ್ ನಂಬಿಕೊಂಡು ಹಗಲಿರುಳು ಕಿವಿಗೊಟ್ಟಿರಬೇಕಾದ ರಿಸೀವರಿನದೇ ಕಷ್ಟ. ಆಜ್ಞೆ ಬರುವುದು ದಿನಕ್ಕೆ ನಾಲ್ಕಾರು ಸಲ. ಮಿಕ್ಕಿದ್ದೆಲ್ಲ ಸುಮ್ಮನೆ ಕೇಳಿಸಿಕೊಳ್ಳುವ ಖರ್ಚು. ಸೋಲಾರ್ ಹಾಕಿ ಎನ್ನುವವರು ಮಲೆನಾಡಿನ ಅಡಿಕೆ ತೋಟದೊಳಗೆ ನಿಂತು ತಲೆಯೆತ್ತಿ ನೋಡಿಲ್ಲ.

ಪರವಾನಗಿ ಬೇಡದ 865–868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮೂರು ರಿಸೀವರುಗಳನ್ನು ಒಂದೇ ಕಂಬಕ್ಕೆ ಕಟ್ಟಿ ನೋಡಿದೆ: ಅಗ್ಗದ ಎಫ್‌ಎಸ್‌ಕೆ ಮಾಡ್ಯೂಲ್ (ಆವರ್ತನವನ್ನು ಅತ್ತಿತ್ತ ಸರಿಸಿ ಸಂದೇಶ ಕಳುಹಿಸುವ ಸಾದಾ ಬಗೆ), ಕಡಿಮೆ ವಿದ್ಯುತ್ತಿನಲ್ಲಿ ದೂರ ಮುಟ್ಟುವ ಲೋರಾ ಎಂಬ ರೇಡಿಯೋ ವಿಧಾನದ ಚಿಪ್ ಎಸ್‌ಎಕ್ಸ್ 1276, ಅದರ ನಂತರದ ಎಸ್‌ಎಕ್ಸ್ 1262.

ಎಫ್‌ಎಸ್‌ಕೆ ಆಗಾಗ ಎದ್ದು, ಸಂಕೇತದ ಬಲ ಅಳೆದು, ಏನೂ ಇಲ್ಲದಿದ್ದರೆ ಮಲಗುತ್ತದೆ. ಪಂಪ್‌ಹೌಸಿನ ಸಮೀಪ ಇಷ್ಟು ಸಾಕು. ಕಣಿವೆಯ ತಳದಲ್ಲಿ ಮಾತ್ರ ಬಲದ ಮಿತಿ ಇಳಿಸಿದರೆ ಗದ್ದಲಕ್ಕೆಲ್ಲ ಏಳುತ್ತದೆ, ಏರಿಸಿದರೆ ಮನೆಯ ಕರೆಯೇ ಕೇಳುವುದಿಲ್ಲ.

ಲೋರಾ ಸಂಕೇತ ಗದ್ದಲದ ಮಟ್ಟಕ್ಕಿಂತ ಕೆಳಗಿದ್ದರೂ ಓದಲು ಸಿಗುತ್ತದೆ. ಹಾಗಾಗಿ ಬಲ ಅಳೆದು ಪ್ರಯೋಜನವಿಲ್ಲ. ಅಲೆಯ ಆಕಾರವನ್ನೇ ತಾಳೆ ನೋಡಬೇಕು. ಎರಡೂ ಲೋರಾ ಚಿಪ್ಪುಗಳಿಗೆ ಈ ವಿದ್ಯೆ ಗೊತ್ತು. ಸತತವಾಗಿ ಕೇಳಿಸಿಕೊಂಡರೆ 1276 ಸುಮಾರು 11 ಮಿಲಿ ಆಂಪಿಯರ್, 1262 ಸುಮಾರು 4.6 ಮಿಲಿ ಆಂಪಿಯರ್ ಎಳೆಯುತ್ತವೆ. 2600 ಮಿಲಿ ಆಂಪಿಯರ್ ಅವರ್ ಸೆಲ್ ಮೊದಲನೆಯದಕ್ಕೆ ಹತ್ತು ದಿನ, ಎರಡನೆಯದಕ್ಕೆ ಮೂರು ವಾರ ಚಿಲ್ಲರೆ. ಎರಡೂ ಸಾಲದು. ಆದರೆ ಸ್ಪ್ರೆಡಿಂಗ್ ಫ್ಯಾಕ್ಟರ್ (ಸಂಕೇತವನ್ನು ಎಷ್ಟು ಹಿಗ್ಗಿಸಿ ಕಳುಹಿಸುತ್ತೇವೆ ಎಂಬ ಅಳತೆ) 9, ಸಂಕೇತದ ಅಗಲ 125 ಕಿಲೋಹರ್ಟ್ಸ್‌ನಲ್ಲಿ ಸಂದೇಶದ ಒಂದು ತುಣುಕಿಗೆ, ಅಂದರೆ ಒಂದು ಸಿಂಬಲ್‌ಗೆ ಹಿಡಿಯುವುದು 4.1 ಮಿಲಿ ಸೆಕೆಂಡ್. ಎರಡು ಸೆಕೆಂಡಿಗೊಮ್ಮೆ ಹತ್ತು ಮಿಲಿ ಸೆಕೆಂಡ್ ಎಚ್ಚರವಿದ್ದರೆ 1262ರ ಸರಾಸರಿ 23 ಮೈಕ್ರೋ ಆಂಪಿಯರ್ ಆಸುಪಾಸಿಗೆ ಇಳಿಯುತ್ತದೆ, 1276ರದು 55ಕ್ಕೆ. ಜೊತೆಗೆ, ವಾಲ್ವ್ ನಡೆಸುವ ಪುಟ್ಟ ಕಂಪ್ಯೂಟರಾದ ಮೈಕ್ರೋಕಂಟ್ರೋಲರನ್ನು ಎಬ್ಬಿಸದೆ ತಾನೇ ಮಲಗಿ ತಾನೇ ಏಳುವ ವ್ಯವಸ್ಥೆ 1262ರೊಳಗೇ ಇದೆ. ನಾನು ಅದನ್ನು ಉಳಿಸಿಕೊಂಡದ್ದು ಮುಖ್ಯವಾಗಿ ಇದಕ್ಕೇ. ಬೋರ್ಡ್ ಕೊಳ್ಳುವಾಗ ವೋಲ್ಟೇಜನ್ನು ಹೆಚ್ಚು ನಷ್ಟವಿಲ್ಲದೆ ಇಳಿಸುವ ಡಿಸಿ-ಡಿಸಿ ಪರಿವರ್ತಕದ ಇಂಡಕ್ಟರ್ (ತಂತಿ ಸುರುಳಿ) ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಕೇಳುವ ಖರ್ಚು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಮಲಗುವ ರಿಸೀವರಿಗೆ ಕರೆ ಮುಟ್ಟಬೇಕಾದರೆ ಕಳುಹಿಸುವವನ ಪೀಠಿಕೆ (ಆಜ್ಞೆಗೆ ಮುಂಚೆ ಬರುವ ಎಚ್ಚರಿಕೆಯ ಸಂಕೇತ) ಅದರ ನಿದ್ದೆಗಿಂತ ಉದ್ದವಿರಬೇಕು. ಎರಡು ಸೆಕೆಂಡಿಗೆ ಐನೂರರ ಹತ್ತಿರ ಸಿಂಬಲ್‌ಗಳು. ಆ ಹೊರೆ ಮನೆಯ ಕರೆಂಟಿನದು, ಹೊರಲಿ ಬಿಡಿ.

ತೊಡಕು ಬಂದದ್ದು ಸ್ಪ್ರಿಂಕ್ಲರ್ ಹಾರಲು ತೊಡಗಿದ ಮೇಲೆ. ಸೋಗೆಗಳು ಒದ್ದೆಯಾಗಿ ಸಂಕೇತ ಕುಗ್ಗುತ್ತದೆ, ‘ನಿಲ್ಲಿಸು’ ಎಂಬ ಆಜ್ಞೆ ಮುಟ್ಟಬೇಕಾದದ್ದೂ ಆಗಲೇ. ಆದ್ದರಿಂದ ವಾಲ್ವ್ ತೆರೆದಿರುವಷ್ಟು ಹೊತ್ತು ರಿಸೀವರ್ ಫ್ಯಾಕ್ಟರ್ 11ಕ್ಕೆ ಏರುವಂತೆ ಮಾಡಿದೆ. ಹಂತಕ್ಕೆ ಎರಡೂವರೆ ಡೆಸಿಬೆಲ್‌ನಂತೆ ಒಟ್ಟು ಐದು ಡೆಸಿಬೆಲ್ ಸೂಕ್ಷ್ಮತೆ ದಕ್ಕುತ್ತದೆ, ಸಿಂಬಲ್ ನಾಲ್ಕು ಪಟ್ಟು ಉದ್ದವಾಗುತ್ತದೆ. ವಾಲ್ವ್ ಮುಚ್ಚಿದೊಡನೆ ಮತ್ತೆ 9. ಉತ್ತರ ಬಾರದಿದ್ದರೆ ಮನೆಯ ಪೆಟ್ಟಿಗೆ ಎರಡರಲ್ಲೂ ಕೂಗುತ್ತದೆ.

ಕೈಯಲ್ಲಿ ಈಗಾಗಲೇ 1276 ಬೋರ್ಡುಗಳಿದ್ದರೆ ಎಸೆಯಬೇಡಿ. ಇದೇ ಕ್ರಮವನ್ನು ಅದರಲ್ಲೂ ಬರೆಯಬಹುದು. ಪ್ರತಿ ಸಲ ಮೈಕ್ರೋಕಂಟ್ರೋಲರನ್ನು ಎಬ್ಬಿಸಬೇಕು, ಅಷ್ಟೇ.