ಆ್ಯಪ್‌ನಲ್ಲಿ ಕಂಬಿ ತರಿಸ್ತಿದ್ದೀರಾ? ‘ಸೆಕ್ಷನಲ್ ವೇಟ್’ ಅಂತಿದ್ರೆ ಅಲ್ಲೇ ನಿಲ್ಲಿ

ಕಟ್ಟಡ ಸಾಮಗ್ರಿ ತರಿಸೋ ಆ್ಯಪ್ ಒಂದರಲ್ಲಿ 25 ಟನ್ ಕಂಬಿಗೆ ದುಡ್ಡು ಕಟ್ಟಿ 24 ಟನ್ ಇಳಿಸಿಕೊಂಡಿದ್ದೇವೆ. ಕಳ್ಳತನ ಅಂತ ಕಂಪ್ಲೇಂಟ್ ಕೊಡೋ ಹಾಗೂ ಇಲ್ಲ, ಯಾಕಂದ್ರೆ ಎಲ್ಲಾ ‘ಟಾಲರೆನ್ಸ್ ಒಳಗೆ’, ಅಂದ್ರೆ ನಿಯಮ ಬಿಡೋ ಹೆಚ್ಚು-ಕಮ್ಮಿಯ ಒಳಗೆ ಇದೆಯಂತೆ! ಕಂಟ್ರಾಕ್ಟ್ ಕೆಲಸದಲ್ಲಿರೋ ನಮಗೆ ಇದನ್ನ ಬರೆಯೋಕೆ ನಾಚಿಕೆಯಾಗುತ್ತೆ. ಆದ್ರೂ ತುಮಕೂರು ಸುತ್ತಮುತ್ತ ಇದೇ ಥರದ ಆ್ಯಪ್‌ಗಳ ಏಜೆಂಟ್‌ಗಳು ಸೈಟಿಂದ ಸೈಟಿಗೆ ಓಡಾಡ್ತಿದ್ದಾರೆ, ಅದಕ್ಕೇ ಬರೀತಿದ್ದೀವಿ.

ವಸಂತನರಸಾಪುರದ ಒಂದು ಫ್ಯಾಕ್ಟರಿ ಶೆಡ್ಡಿನ ಫೌಂಡೇಶನ್‌ಗೆ 12 ಎಂಎಂ 10 ಟನ್, 16 ಎಂಎಂ 9 ಟನ್, 20 ಎಂಎಂ 6 ಟನ್ ಬೇಕಿತ್ತು, ಎಲ್ಲಾ ಎಫ್ಇ 500ಡಿ ಗ್ರೇಡ್. ಆ್ಯಪ್‌ನಲ್ಲಿ ಇಂಡೆಂಟ್ (ಬೇಕಾದ ಮಾಲಿನ ಪಟ್ಟಿ) ಹಾಕಿದ ತಕ್ಷಣ ಕೊಟೇಶನ್‌ಗಳು ಬಂದವು. ಅತಿ ಕಮ್ಮಿ ಇದ್ದದ್ದು ಟನ್ನಿಗೆ 52,000, ಊರಿನ ಡೀಲರ್‌ಗಿಂತ 1,200 ರೂಪಾಯಿ ಕಡಿಮೆ. ಸ್ಟೀಲ್ ರೇಟು ದಿನಾ ಏರಿಳಿಯುತ್ತಲ್ಲ, ಅದನ್ನೇ ಹಿಡಿದು ‘ಈ ರೇಟ್ ಸಂಜೆವರೆಗೆ ಮಾತ್ರ, ಪೂರ್ತಿ ಅಡ್ವಾನ್ಸ್’ ಅಂತ ಹೇಳಿ ಕಟ್ಟಿಸಿಕೊಂಡರು. ಕೊಟೇಶನ್‌ನ ಕೊನೇ ಪುಟದಲ್ಲಿ, ಟ್ರಾನ್ಸ್‌ಪೋರ್ಟ್ ಷರತ್ತುಗಳ ಕೆಳಗೆ, ಒಂದೇ ಒಂದು ಸಾಲು: ತೂಕದ ಆಧಾರ ಸೆಕ್ಷನಲ್.

ಗೊತ್ತಿಲ್ಲದವರಿಗೆ ಹೇಳಬೇಕಂದ್ರೆ, ಸೆಕ್ಷನಲ್ ಅಂದ್ರೆ ಲಾರಿ ತೂಗೋದೇ ಇಲ್ಲ. ಕಂಬಿ ಎಣಿಸಿ, ಪಟ್ಟಿಯಲ್ಲಿರೋ ತೂಕದಿಂದ ಗುಣಿಸೋದು. ಪಟ್ಟಿ ಲೆಕ್ಕ ಎಲ್ಲರಿಗೂ ಗೊತ್ತು: ವ್ಯಾಸದ ವರ್ಗವನ್ನ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತೆ. 12 ಎಂಎಂಗೆ 0.888, 16ಕ್ಕೆ 1.58, 20ಕ್ಕೆ 2.47. ಬಿಲ್‌ನಲ್ಲಿ ಇದ್ದದ್ದೂ ಅದೇ. ಒಂದೊಂದೂ 12 ಮೀಟರ್ ಉದ್ದ: 12 ಎಂಎಂ 938 ಕಂಬಿ, 16 ಎಂಎಂ 475, 20 ಎಂಎಂ 202, ಒಟ್ಟು 24,988 ಕೆಜಿ.

ಟ್ರೈಲರ್ ರಾತ್ರಿ ಬಂತು. ಗೇಟಲ್ಲೇ ಡ್ರೈವರ್ ಓಟಿಪಿ ಕೇಳಿದ. ‘ಓಟಿಪಿ ಹಾಕಿದರೇನೇ ಇ-ಬಿಲ್ ಓಪನ್ ಆಗೋದು, ಇಲ್ಲಾಂದ್ರೆ ಹೈವೇ ಪಕ್ಕ ಗಾಡಿ ನಿಲ್ಲಿಸ್ತೀನಿ, ಹಾಲ್ಟಿಂಗ್ ಚಾರ್ಜ್ ನಿಮ್ಮದು’ ಅಂದ. ಗೇಟಿನವರು ಕೊಟ್ಟರು. ಅಷ್ಟೇ. ಆ್ಯಪ್ ಲೆಕ್ಕದಲ್ಲಿ ಮಾಲು ಬಂತು, ಒಪ್ಪಿಗೆ ಆಯ್ತು, ಆರ್ಡರ್ ಮುಗೀತು. ಒಂದು ಕಂಬಿಯೂ ಇನ್ನೂ ನೆಲ ಮುಟ್ಟಿಲ್ಲ!

ಪುಣ್ಯಕ್ಕೆ ಹೊರಗಿನ ವೇಬ್ರಿಡ್ಜ್‌ನಲ್ಲಿ ಲೋಡು ತೂಗಿಸಿ, ಇಳಿಸಿದ ಮೇಲೆ ಖಾಲಿ ಗಾಡಿಯನ್ನೂ ಅಲ್ಲೇ ತೂಗಿಸೋ ಪದ್ಧತಿ ಸೈಟಿನಲ್ಲಿತ್ತು. ನಿವ್ವಳ ಬಂದದ್ದು 23,990. ಕಂಬಿ ಕದ್ದಿದ್ದಾರೆ ಅಂತ ಬೆಳಿಗ್ಗೆ ಬಂಡಲ್ ಬಂಡಲ್ ಎಣಿಸಿದರೆ 938, 475, 202. ಒಂದೂ ಕಮ್ಮಿ ಇಲ್ಲ. ಒಂದೂ ಕಮ್ಮಿ ಇಲ್ಲ, ಆದ್ರೆ ಒಂದು ಟನ್ ಇಲ್ಲ! ಆಮೇಲೆ ಒಂದೊಂದು ಸೈಜಿನಲ್ಲೂ ಸರಿಯಾಗಿ ಒಂದು ಮೀಟರ್ ಕತ್ತರಿಸಿ ತೂಗಿದಾಗ ಬೆಳಕಿಗೆ ಬಂತು. 12 ಎಂಎಂ 0.85, 16 ಎಂಎಂ 1.51, 20 ಎಂಎಂ 2.40.

ಕಂಬಿಗೆ ಇರೋ ಭಾರತೀಯ ಮಾನದಂಡ ಐಎಸ್ 1786 ಪ್ರಕಾರ 10 ಎಂಎಂ ದಾಟಿ 16ರವರೆಗೆ ಬ್ಯಾಚ್ ತೂಕ 5 ಪರ್ಸೆಂಟ್ ಹೆಚ್ಚು-ಕಮ್ಮಿ ಇರಬಹುದು, 16ರ ಮೇಲೆ 3 ಪರ್ಸೆಂಟ್. ಬಂದ ಮಾಲು 12ರಲ್ಲಿ 4.3, 16ರಲ್ಲಿ 4.4, 20ರಲ್ಲಿ 2.8 ಪರ್ಸೆಂಟ್ ಕಮ್ಮಿ. ಮೂರೂ ಗೆರೆಯ ಅಂಚಿಗೆ ಬಂದು ನಿಂತಿವೆ, ಒಂದೂ ಗೆರೆ ದಾಟಿಲ್ಲ. ಇದು ತಾನಾಗೇ ಆಗುತ್ತಾ ಹೇಳಿ? ರೋಲಿಂಗ್ ಮಿಲ್‌ನಲ್ಲಿ ಆಗೋ ಏರುಪೇರಿಗೆ ಅಂತ ಕೊಟ್ಟ ಅವಕಾಶ ಅದು. ಇವರಿಗೆ ಅದೇ ಲಾಭದ ದಾರಿ. ವಾಸ್ತವ ತೂಕದ ಮೇಲೆ ಬಿಲ್ ಮಾಡಿದ್ದರೆ ನಮಗೆ ನಷ್ಟವೇ ಇರಲಿಲ್ಲ, ಸಣ್ಣ ಕಂಬಿಗೆ ಸಣ್ಣ ಬಿಲ್ ಬರ್ತಿತ್ತು. ಪಟ್ಟಿ ತೂಕಕ್ಕೆ ದುಡ್ಡು, ಸಣಕಲು ಕಂಬಿ. 30,000 ಉಳೀತು ಅಂತ ಕೊಂಡದ್ದಕ್ಕೆ ಜಿಎಸ್‌ಟಿ ಸೇರಿ 61,000 ಹೋಯ್ತು.

ಸಪೋರ್ಟ್‌ನವರ ಉತ್ತರ ಕೇಳಿ. ಮೊದಲು: ‘ಸರ್, ಪೀಸ್ ಕೌಂಟ್ ಸರಿ ಇದೆಯಲ್ವಾ?’ ತೂಕದ ಚೀಟಿ ಕಳಿಸಿದ ಮೇಲೆ: ‘ಸರ್, ಆ ವೇಬ್ರಿಡ್ಜ್ ನಮ್ಮ ಲಿಸ್ಟ್‌ನಲ್ಲಿಲ್ಲ.’ ಕತ್ತರಿಸಿದ ತುಂಡುಗಳ ಫೋಟೋ ಕಳಿಸಿದ ಮೇಲೆ: ‘ಟಾಲರೆನ್ಸ್ ಒಳಗಿದೆ ಸರ್, ಡಿಫೆಕ್ಟ್ ಅಂತ ತಗೊಳ್ಳೋಕೆ ಬರಲ್ಲ.’ ಸರಿ, ವಾಪಸ್ ತಗೊಳ್ರಪ್ಪ ಅಂದ್ರೆ: ‘ಓಟಿಪಿ ಕನ್‌ಫರ್ಮ್ ಆಗಿದೆ ಸರ್, ಸಿಸ್ಟಮ್ ಓಪನ್ ಆಗ್ತಿಲ್ಲ.’ ಕೊನೆಗೆ: ‘ನಾವು ಪ್ಲಾಟ್‌ಫಾರ್ಮ್ ಅಷ್ಟೇ ಸರ್, ಮಾರಿದವರು ಬೇರೆ.’ ದುಡ್ಡು ತಗೊಳ್ಳುವಾಗ ಮಾತ್ರ ಇವರೇ! ಪ್ರತಿ ಸಲ ಹೊಸ ಹುಡುಗ, ಪ್ರತಿ ಸಲ ಮೊದಲಿಂದ ಹೇಳಬೇಕು, ಪ್ರತಿ ಸಲ ‘ಸರ್’.

ಎಂ-ಸ್ಯಾಂಡ್‌ನದ್ದೂ ಇದೇ ಕತೆ, ಚುಟುಕಾಗಿ ಹೇಳ್ತೀವಿ. ಟನ್ ಲೆಕ್ಕದ ಲೋಡಿನಲ್ಲಿ ನೀರು ಸೋರ್ತಾ ಬರುತ್ತೆ. 25 ಟನ್ನಿಗೆ 8 ಪರ್ಸೆಂಟ್ ತೇವ ಅಂದ್ರೆ 2 ಟನ್ ನೀರಿಗೆ ದುಡ್ಡು. ಅದಕ್ಕಿಂತ ಅಪಾಯ ಪರ್ಮಿಟ್‌ದು. ಆ್ಯಪ್‌ಗೆ ಹಾಕಿದ್ದ ಗಣಿ ಇಲಾಖೆ ಎಂಡಿಪಿಯಲ್ಲಿ (ಖನಿಜ ಸಾಗಣೆ ಪರ್ಮಿಟ್) ಗಾಡಿ ನಂಬರೇ ಬೇರೆ, ಟೈಮೂ ಮುಗಿದಿತ್ತು. ಸರ್ಕಾರಿ ಕೆಲಸ ಆಗಿದ್ದರೆ ಎಂಡಿಪಿ ಸರಿ ಇಲ್ಲ ಅಂತ ಬಿಲ್‌ನಲ್ಲಿ ರಾಯಲ್ಟಿ ಮುರಿದುಕೊಳ್ತಾರೆ, ಮರಳಿನ ದುಡ್ಡೂ ನಮ್ಮದೇ ರಾಯಲ್ಟಿಯೂ ನಮ್ಮದೇ.

ಆ್ಯಪೇ ಬೇಡ ಅಂತಲ್ಲ. ನಾಲ್ಕು ಜನರ ರೇಟು ಒಂದೇ ಕಡೆ ನೋಡೋಕೆ, ಯಾವ ಸೈಟಿಗೆ ಏನು ಹೋಯ್ತು ಅಂತ ಲೆಕ್ಕ ಇಡೋಕೆ ಅನುಕೂಲವೇ. ಆದ್ರೆ ಇವರು ಡಿಜಿಟಲ್ ಮಾಡಿರೋದು ಆರ್ಡರ್ ಮತ್ತು ಪೇಮೆಂಟ್ ಮಾತ್ರ. ಗೇಟಿನ ಅಳತೆ ಇನ್ನೂ ನಿಮ್ಮ ಕೈಯಲ್ಲೇ ಇದೆ, ಅದನ್ನ ಅವರ ಓಟಿಪಿಗೆ ಬಿಟ್ಟುಕೊಡಬೇಡಿ. ಪಿಓದಲ್ಲಿ (ಖರೀದಿ ಆರ್ಡರ್) ‘ವಾಸ್ತವ ತೂಕ, ಸೈಟಿನ ಹತ್ತಿರದ ವೇಬ್ರಿಡ್ಜ್, ಲೋಡು ಮತ್ತು ಖಾಲಿ ಎರಡೂ ಅಲ್ಲೇ’ ಅಂತ ಬರೆಸಿ. ಖಾಲಿ ಗಾಡಿ ತೂಕ ಕಂಪ್ಯೂಟರ್‌ನಲ್ಲಿ ಮೊದಲೇ ಇದೆ ಅಂದ್ರೆ ಒಪ್ಪಬೇಡಿ. ಬಂಡಲ್ ಟ್ಯಾಗ್‌ನ ಹೀಟ್ ನಂಬರು (ಉಕ್ಕು ಕರಗಿಸಿದ ಬ್ಯಾಚಿನ ನಂಬರು) ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಇದೆಯಾ ನೋಡಿ, ನಮ್ಮದರಲ್ಲಿ ಎರಡು ಬಂಡಲ್‌ಗೆ ಇರಲಿಲ್ಲ. ಪಿಓ, ನಿಮ್ಮ ರಸೀದಿ, ಅವರ ಬಿಲ್ ಮೂರೂ ತಾಳೆಯಾಗೋವರೆಗೆ ಪೂರ್ತಿ ದುಡ್ಡು ಬಿಡಬೇಡಿ. ಪೂರ್ತಿ ಅಡ್ವಾನ್ಸ್ ಕೇಳಿದರೆ ಬೇರೆಯವರನ್ನ ನೋಡಿ.

ಈಗಾಗಲೇ ಆರ್ಡರ್ ಹಾಕಿ ಗಾಡಿ ದಾರಿಯಲ್ಲಿದ್ದರೆ, ಓಟಿಪಿ ಬರೋ ನಂಬರನ್ನ ಗೇಟಿನಿಂದ ತೆಗೆಸಿ ಸೈಟ್ ಇಂಜಿನಿಯರ್ ಮೊಬೈಲ್‌ಗೆ ಹಾಕಿಸಿ. ಮಾಲು ಸರಿ ಇಲ್ಲ ಅನ್ನಿಸಿದರೆ ಇ-ವೇ ಬಿಲ್ (ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ದಾಖಲೆ) ಪೋರ್ಟಲ್‌ನಲ್ಲಿ ರಿಜೆಕ್ಟ್ ಮಾಡೋಕೆ ಹೆಚ್ಚೆಂದರೆ 72 ಗಂಟೆ ಇರುತ್ತೆ, ಮಾಲು ಅದಕ್ಕೂ ಮೊದಲೇ ಗೇಟು ಸೇರಿದರೆ ಅಷ್ಟೂ ಸಿಗಲ್ಲ. ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೇ ಲೆಕ್ಕ.