ಮೂರು ಜಿಮ್, ಮೂರು ತಿಂಗಳು: ಹೊಸಬಳಾಗಿ ನಾನು ಕಂಡ ವ್ಯತ್ಯಾಸ

ನನಗೆ ತೊಂದರೆ ಇದ್ದಿದ್ದು ಮೆಟ್ಟಿಲು ಇಳಿಯುವಾಗ. ಹತ್ತುವಾಗ ಏದುಸಿರು ಬರುತ್ತಿತ್ತು, ಅಷ್ಟೇ. ಇಳಿಯುವಾಗ ಮಾತ್ರ ಮೊಣಕಾಲು ನಡುಗುತ್ತಿತ್ತು, ಕೈ ತಾನಾಗಿ ಗೋಡೆ ಹಿಡಿಯುತ್ತಿತ್ತು. ಡಾಕ್ಟರ್ ನೋಡಿ, "ಕೀಲಿಗೆ ಏನೂ ಆಗಿಲ್ಲ ಅಮ್ಮ, ತೊಡೆಯಲ್ಲಿ ಶಕ್ತಿ ಇಲ್ಲ. ತೂಕದ ಯೋಚನೆ ಆಮೇಲೆ, ಮೊದಲು ಕಾಲಿಗೆ ಬಲ ಬರಲಿ" ಎಂದರು. 38 ವರ್ಷಕ್ಕೆ ಮೊದಲ ಸಲ ಜಿಮ್ ಹುಡುಕಲು ಹೊರಟೆ.

ಗಂಡಸರ ಮಧ್ಯೆ ವ್ಯಾಯಾಮ ಮಾಡಲು ಮನಸ್ಸು ಒಪ್ಪಲಿಲ್ಲ. ಅದನ್ನು ಯಾರಿಗೂ ಸಮರ್ಥಿಸಿಕೊಳ್ಳಬೇಕು ಅಂತ ನನಗೆ ಅನಿಸಿಲ್ಲ. ಮೂರು ಬಗೆಯ ಜಾಗ ಸಿಕ್ಕಿತು: ಹೆಂಗಸರಿಗೇ ಅಂತ ಇರುವ ಅರ್ಧ ಗಂಟೆಯ ಸರ್ಕ್ಯೂಟ್ ಜಿಮ್, ದಿನಕ್ಕೆ ಎರಡು ಗಂಟೆ 'ಲೇಡೀಸ್ ಟೈಮ್' ಇಟ್ಟಿರುವ ಸಾಮಾನ್ಯ ಜಿಮ್, ಎಲ್ಲ ಸಲಕರಣೆ ಇರುವ ಹೆಂಗಸರ ಜಿಮ್. ಒಂದೊಂದರಲ್ಲೂ ಒಂದೊಂದು ತಿಂಗಳು ಮಾಡಿ ನೋಡಿದೆ.

ಮೊದಲು ಸರ್ಕ್ಯೂಟ್. ಮಷೀನುಗಳನ್ನು ದುಂಡಗೆ ಜೋಡಿಸಿರುತ್ತಾರೆ. ಒಂದು ಮಷೀನಿನಲ್ಲಿ 30 ಸೆಕೆಂಡು, ಆಮೇಲೆ ಪಕ್ಕದ ಹಲಗೆಯ ಮೇಲೆ ನಿಂತಲ್ಲೇ ಜಾಗಿಂಗ್ 30 ಸೆಕೆಂಡು, ಮತ್ತೆ ಮುಂದಿನ ಮಷೀನು. 'ಚೇಂಜ್' ಅಂತ ದನಿ ಬಂದ ತಕ್ಷಣ ಎಲ್ಲರೂ ಒಟ್ಟಿಗೆ ಸರಿಯುತ್ತಾರೆ. ಈ ಮಾದರಿಯನ್ನು ದೊಡ್ಡ ಮಟ್ಟದಲ್ಲಿ ಹರಡಿದ್ದು ಕರ್ವ್ಸ್ ಕಂಪನಿ. 1992ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಹಾರ್ಲಿಂಜನ್‌ನಲ್ಲಿ ಅದರ ಮೊದಲ ಕೇಂದ್ರ ಶುರುವಾಯಿತು. ನಾನು ಹೋಗಿದ್ದು ಅದೇ ಪದ್ಧತಿಯ ಬೇರೊಂದು ಸಣ್ಣ ಜಿಮ್‌ಗೆ.

ಹೊಸಬರಿಗೆ ಇಷ್ಟು ಸುಲಭವಾದ ಬಾಗಿಲು ಇನ್ನೊಂದಿಲ್ಲ. ಎಲ್ಲಿ ನಿಲ್ಲಬೇಕು, ಮುಂದೆ ಏನು ಮಾಡಬೇಕು ಅನ್ನುವ ಗೊಂದಲವೇ ಇಲ್ಲ. ಯಾರೂ ನಿಮ್ಮನ್ನು ನೋಡುವುದಿಲ್ಲ, ಎಲ್ಲರಿಗೂ ಅವರವರ ಮಷೀನು. 60 ದಾಟಿದ ಒಬ್ಬರು ಅಕ್ಕ ದಿನಾ ನನ್ನ ಮುಂದಿನ ಮಷೀನಿನಲ್ಲಿ ಇರುತ್ತಿದ್ದರು. ಅವರನ್ನು ನೋಡಿಯೇ ನಾನು ಒಂದು ದಿನವೂ ತಪ್ಪಿಸಲಿಲ್ಲ.

ಆದರೆ ಮೂರನೇ ವಾರಕ್ಕೆ ಒಂದು ಪ್ರಶ್ನೆ ಬಂತು. ಮೆಟ್ಟಿಲು ಇಳಿಯುವ ಕಷ್ಟ ಯಾಕೆ ಹಾಗೇ ಇದೆ? ಉತ್ತರ ಆ ಮಷೀನಿನಲ್ಲೇ ಇತ್ತು. ಅವು ಹೈಡ್ರಾಲಿಕ್. ಬಾಗಿಲು ದಢಾರನೆ ಬಡಿಯದಂತೆ ಮೇಲೆ ಒಂದು ಸಿಲಿಂಡರ್ ಕೂರಿಸಿರುತ್ತಾರಲ್ಲ, ಅದೇ ರೀತಿ. ಜೋರಾಗಿ ತಳ್ಳಿದರೆ ಬಿಗಿ, ಮೆಲ್ಲಗೆ ತಳ್ಳಿದರೆ ಮೆತ್ತಗೆ. ತಳ್ಳುವಾಗಲೂ ಎಳೆಯುವಾಗಲೂ ಕೆಲಸ ಇದೆ. ಆದರೆ ಭಾರವನ್ನು ಮೆಲ್ಲಗೆ ಕೆಳಗಿಳಿಸುವ ಕೆಲಸ ಇಲ್ಲ, ಯಾಕೆಂದರೆ ಇಳಿಸಲು ಅಲ್ಲಿ ಭಾರವೇ ಇಲ್ಲ. ಮೆಟ್ಟಿಲು ಇಳಿಯುವಾಗ ತೊಡೆ ಮಾಡುವುದು ಅದನ್ನೇ. ಮೈಭಾರ ಹೊತ್ತುಕೊಂಡೇ ಸ್ನಾಯು ನಿಧಾನಕ್ಕೆ ಉದ್ದವಾಗಬೇಕು. ನನಗೆ ಬೇಕಾಗಿದ್ದ ಅಭ್ಯಾಸ ಒಂದೇ, ಅಲ್ಲಿ ಇಲ್ಲದ್ದೂ ಅದೊಂದೇ.

ಇದಕ್ಕೆ ಇನ್ನೊಂದು ಮುಖವೂ ಇದೆ. ಮೈಕೈ ನೋವು ಜಾಸ್ತಿ ಬರುವುದು ಈ ಇಳಿಸುವ ಕೆಲಸದಿಂದಲೇ. ವ್ಯಾಯಾಮ ಮಾಡಿದ ಒಂದರಿಂದ ಮೂರು ದಿನದೊಳಗೆ ಏಳಲೂ ಕೂರಲೂ ಆಗದಂತೆ ಹಿಡಿಯುತ್ತದಲ್ಲ, ಅದು. ಸರ್ಕ್ಯೂಟ್‌ನಲ್ಲಿ ಆ ನೋವು ಕಡಿಮೆ, ಹಾಗಾಗಿ ಬಿಟ್ಟುಹೋಗುವ ಮನಸ್ಸೂ ಕಡಿಮೆ. ಆದರೆ ಕಳೆದ ವಾರಕ್ಕಿಂತ ಈ ವಾರ ಎಷ್ಟು ಹೆಚ್ಚು ಎತ್ತಿದೆ ಅಂತ ಹೇಳಲು ಅಲ್ಲಿ ಕಿಲೋ ಲೆಕ್ಕವೇ ಇರಲಿಲ್ಲ.

ಎರಡನೆಯದು ಲೇಡೀಸ್ ಟೈಮ್. ಇದರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸಾಮಾನು ಚೆನ್ನಾಗಿತ್ತು, ಜಾಗ ದೊಡ್ಡದಿತ್ತು. ಆದರೆ ಎಲ್ಲವೂ ಎತ್ತರದ ಗಂಡಸರ ಅಳತೆಯದು. ಕೂತು ಕಾಲಿಂದ ಭಾರ ತಳ್ಳುವ ಲೆಗ್ ಪ್ರೆಸ್ ಮಷೀನಿನ ಸೀಟನ್ನು ಕೊನೆಯ ತೂತಿನವರೆಗೂ ಮುಂದಕ್ಕೆ ತಂದು ಪಿನ್ ಹಾಕಿದರೂ ನನ್ನ ಪಾದ ಪೂರ್ತಿ ಊರುತ್ತಿರಲಿಲ್ಲ. ಡಂಬೆಲ್ 5 ಕೆಜಿಯಿಂದ ಶುರು, ಮುಂದಿನದು 7.5. ಭುಜದ ವ್ಯಾಯಾಮದಲ್ಲಿ 5ರಿಂದ 7.5ಕ್ಕೆ ಹೋಗುವುದು ಅಂದರೆ ಒಂದೇ ಏಟಿಗೆ ಅರ್ಧದಷ್ಟು ಭಾರ ಹೆಚ್ಚಿಸಿದ ಹಾಗೆ. ಹೊಸಬರ ಕೈಲಿ ಆಗುವ ಮಾತಲ್ಲ. ಸಮಯ ಮುಗಿಯಲು ಐದು ನಿಮಿಷ ಇರುವಾಗಲೇ ಬಾಗಿಲಾಚೆ ಗಂಡಸರು ಬಂದು ನಿಲ್ಲುತ್ತಿದ್ದರು. ಕೊನೆಯ ಸೆಟ್ ಯಾವತ್ತೂ ಅವಸರದಲ್ಲೇ ಮುಗಿಯುತ್ತಿತ್ತು.

ಆ ಹೊತ್ತಿನಲ್ಲಿ ಇರುತ್ತಿದ್ದ ಟ್ರೈನರ್ ಗಂಡಸು, ಒಳ್ಳೆಯ ಹುಡುಗ. ಮೈ ಮುಟ್ಟದೆ ಬಾಯಲ್ಲೇ ಹೇಳಿಕೊಡುತ್ತಿದ್ದ. "ಮೇಡಂ, ಹಿಂದೆ ಕುರ್ಚಿ ಇದೆ ಅಂದ್ಕೊಂಡು ಕೂತ್ಕೊಳ್ಳಿ" ಎಂದು ನಿಜವಾದ ಕುರ್ಚಿಯನ್ನೇ ತಂದಿಟ್ಟು ಸ್ಕ್ವಾಟ್ ಕಲಿಸಿದ. ಆ ಪಾಠ ಇವತ್ತಿಗೂ ನನ್ನ ಜೊತೆ ಇದೆ. ಆದರೆ ಮುಟ್ಟಿನ ಮೊದಲ ದಿನ ಏನು ಮಾಡಬಹುದು, ಹಾರಿದಾಗ ಆಗುವ ಆ ಇನ್ನೊಂದು ತೊಂದರೆಗೆ ಏನು ಮಾಡಬೇಕು, ಇದನ್ನೆಲ್ಲ ಅವನ ಹತ್ತಿರ ಕೇಳಲು ನನಗೆ ಬಾಯಿ ಬರಲಿಲ್ಲ.

ಮೂರನೇ ಜಿಮ್‌ನ ಮೊದಲ ದಿನ ನನಗೆ ಸಿಟ್ಟು ಬಂದಿತ್ತು. ಬಾಗಿಲಲ್ಲೇ ಒಂದು ಮಷೀನಿನ ಮೇಲೆ ನಿಲ್ಲಿಸಿದರು. ದೇಹದಲ್ಲಿ ಕೊಬ್ಬು ಎಷ್ಟು ಅಂತ ಚೀಟಿ ಕೊಟ್ಟರು. ಅದನ್ನೇ ಮುಂದಿಟ್ಟುಕೊಂಡು ಒಂದು ವರ್ಷದ ಪ್ಯಾಕೇಜ್ ತಗೊಳ್ಳಿ ಅಂತ ಹಿಡಿದುಕೂತರು. ಆ ಮಷೀನು ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ ಅಂದಾಜು ಮಾಡುತ್ತದೆ. ಎಷ್ಟು ನೀರು ಕುಡಿದಿದ್ದೀರಿ, ಊಟ ಯಾವಾಗ ಆಯಿತು ಅನ್ನುವುದರ ಮೇಲೆ ಅಂಕಿ ಏರುಪೇರಾಗುತ್ತದೆ. ಅಂಥ ಒಂದು ಚೀಟಿ ನೋಡಿ ವರ್ಷದ ದುಡ್ಡು ಕಟ್ಟಬೇಡಿ. ಹೊಸಬರ ಅಂಜಿಕೆಯನ್ನೇ ವ್ಯಾಪಾರ ಮಾಡಿಕೊಳ್ಳುವುದು ತಪ್ಪು. ನಾನು ಒಂದೇ ತಿಂಗಳಿಗೆ ಕಟ್ಟಿದೆ.

ಮಾರನೆಯ ದಿನ ಟ್ರೈನರ್ ಮೇಡಂ ಕೂರಿಸಿಕೊಂಡು ಕೇಳಿದ್ದು ಬೇರೆಯೇ. "ಹೆರಿಗೆ ಆಗಿದ್ಯಾ? ನಾರ್ಮಲ್ಲಾ, ಸಿಸೇರಿಯನ್ನಾ? ಕೆಮ್ಮಿದ್ರೆ, ಹಾರಿದ್ರೆ ಮೂತ್ರ ಸೋರತ್ತಾ?"

ಹೆರಿಗೆಯಾದ ಮೇಲಿನ ಹನ್ನೊಂದು ವರ್ಷದಲ್ಲಿ ಇದನ್ನು ನನ್ನನ್ನು ಕೇಳಿದವರು ಅವರೊಬ್ಬರೇ. ಹೌದು ಎಂದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ತುಂಬಾ ಜನಕ್ಕೆ ಇರತ್ತೆ. ಹಾಗಂತ ಸುಮ್ನೆ ಇರ್ಬೇಡಿ, ಡಾಕ್ಟರಿಗೆ ತೋರಿಸಿ. ಇಲ್ಲಿ ಸದ್ಯಕ್ಕೆ ಹಾರೋದು ಬೇಡ. ಎತ್ತುವಾಗ ಉಸಿರು ಹಿಡೀಬೇಡಿ, ಹೊರಗೆ ಬಿಡಿ" ಎಂದರು. ಸರ್ಕ್ಯೂಟ್‌ನ ಹಲಗೆಯ ಮೇಲೆ ಒಂದು ತಿಂಗಳು ನಾನು ತುಟಿ ಕಚ್ಚಿಕೊಂಡು ಜಾಗಿಂಗ್ ಮಾಡಿದ್ದು ನೆನಪಾಯಿತು. ಹೆಂಗಸರ ಜಿಮ್ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಈ ಮಾತುಕತೆಯನ್ನೇ ಹೇಳುತ್ತೇನೆ. ಗಂಡಸರ ಕಣ್ಣು ತಪ್ಪಿಸುವುದು ಒಂದು ಲಾಭ, ನಿಜ. ಬಾಯಿ ಬಿಟ್ಟು ಹೇಳಿಕೊಳ್ಳಲು ಆಗುವುದು ಅದಕ್ಕಿಂತ ದೊಡ್ಡದು.

ಮೆಟ್ಟಿಲ ವಿಷಯ ಹೇಳಿದಾಗ ಅವರು 10 ಸೆಂಟಿಮೀಟರ್ ಎತ್ತರದ ಸ್ಟೆಪ್ ಹಲಗೆ ತಂದಿಟ್ಟರು. ಅದರ ಮೇಲೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿಯನ್ನು ಮೂರು ಎಣಿಸುತ್ತಾ ನೆಲಕ್ಕೆ ತಾಗಿಸಬೇಕು. ಕನ್ನಡಿಯಲ್ಲಿ ನೋಡಿದರೆ ಎರಡು ಎಣಿಸುವಷ್ಟರಲ್ಲಿ ನನ್ನ ಎಡಮಂಡಿ ಒಳಕ್ಕೆ ವಾಲುತ್ತಿತ್ತು. "ಮಂಡಿ ಕಿರುಬೆರಳಿನ ಕಡೆ ಇರಲಿ" ಅನ್ನುತ್ತಾ ಅವರು ಪಕ್ಕದಲ್ಲೇ ಕೂತು ಎಣಿಸಿದರು. ಎರಡು ವಾರಕ್ಕೆ ವಾಲುವುದು ನಿಂತಿತು. ಅಷ್ಟು ಬೇಗ ಸ್ನಾಯು ಬೆಳೆಯುವುದಿಲ್ಲ. ಮೊದಲ ವಾರಗಳಲ್ಲಿ ಬರುವ ಬಲ ಹೆಚ್ಚಾಗಿ ನರಗಳು ಕಲಿಯುವುದರಿಂದ ಬರುತ್ತದೆ, ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ಶುರು ಮಾಡುತ್ತವೆ. ಅದಕ್ಕೇ ಮೊದಲ ತಿಂಗಳಲ್ಲಿ ಯಾರಾದರೂ ನಿಂತು ನೋಡಬೇಕು. ತಪ್ಪಾಗಿ ಮಾಡಿದರೆ ತಪ್ಪೇ ರೂಢಿಯಾಗುತ್ತದೆ.

ಅಲ್ಲಿ ಡಂಬೆಲ್ 1 ಕೆಜಿಯಿಂದ ಶುರುವಾಗಿ ಒಂದೊಂದೇ ಕೆಜಿ ಏರುತ್ತದೆ. ಮೂಲೆಯಲ್ಲಿ ಒಂದು ರ‍್ಯಾಕ್, ಅದರ ಮೇಲೆ ಹೆಂಗಸರ ಬಾರ್ಬೆಲ್ ಇದೆ, ಅಂದರೆ ಎರಡೂ ತುದಿಗೆ ಭಾರದ ಪ್ಲೇಟ್ ಹಾಕುವ ಉದ್ದನೆಯ ಕಬ್ಬಿಣದ ಸರಳು. ಒಲಿಂಪಿಕ್ಸ್ ಅಳತೆಯಲ್ಲಿ ಗಂಡಸರ ಬಾರ್ 20 ಕೆಜಿ, 28 ಮಿಲಿಮೀಟರ್ ದಪ್ಪ. ಹೆಂಗಸರದು 15 ಕೆಜಿ, 25 ಮಿಲಿಮೀಟರ್. ಮೂರು ಮಿಲಿಮೀಟರ್ ಏನು ಮಹಾ ಅನಿಸಬಹುದು. ಹಿಡಿದು ನೋಡಿ, ಬೆರಳು ಪೂರ್ತಿ ಸುತ್ತಿಕೊಳ್ಳುತ್ತದೆ. ನೀವು ನೋಡುವ ಹೆಂಗಸರ ಜಿಮ್‌ನಲ್ಲಿ ಬಣ್ಣದ ಪುಟ್ಟ ಡಂಬೆಲ್ ಮಾತ್ರ ಇದ್ದು, 5 ಕೆಜಿಗೇ ಎಲ್ಲ ಮುಗಿದರೆ ಯೋಚಿಸಿ. ಮೂರು ತಿಂಗಳಲ್ಲಿ ಅದು ನಿಮಗೆ ಸಾಲದು.

"ಭಾರ ಎತ್ತಿದ್ರೆ ಗಂಡಸರ ಥರ ಆಗ್ತೀವಾ?" ಅಂತ ಬಟ್ಟೆ ಬದಲಿಸುವ ಕೋಣೆಯಲ್ಲಿ ಆಗಾಗ ಯಾರಾದರೂ ಕೇಳುತ್ತಾರೆ. ಇಲ್ಲ. ಸ್ನಾಯು ಬೆಳೆಸುವ ಟೆಸ್ಟೋಸ್ಟಿರಾನ್ ಹಾರ್ಮೋನ್ ಹೆಂಗಸರಲ್ಲಿ ಗಂಡಸರಿಗಿಂತ ತುಂಬಾ ಕಡಿಮೆ. ವಾರಕ್ಕೆ ಎರಡು ಮೂರು ದಿನ ಎತ್ತಿದ ಮಾತ್ರಕ್ಕೆ ಮೈ ಉಬ್ಬುವುದಿಲ್ಲ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ವೇಟ್‌ಲಿಫ್ಟಿಂಗ್ ಶುರುವಾಗಿದ್ದೇ 2000ದಲ್ಲಿ, ಸಿಡ್ನಿಯಲ್ಲಿ. ಕರ್ಣಂ ಮಲ್ಲೇಶ್ವರಿ ಆ ವರ್ಷ 69 ಕೆಜಿ ವಿಭಾಗದಲ್ಲಿ ಒಟ್ಟು 240 ಕೆಜಿ ಎತ್ತಿ ಕಂಚು ಗೆದ್ದರು. ನನ್ನದು ಸದ್ಯಕ್ಕೆ ಬರೀ ಬಾರ್. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ, ಭಾರದ ವ್ಯಾಯಾಮ ಅದಕ್ಕೂ ಒಳ್ಳೆಯದು. ಆ ಮಾತು ನನಗೆ ಈಗಲೇ ಮುಖ್ಯ.

ಹಾಗಾದರೆ ಯಾರಿಗೆ ಯಾವುದು? ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವವರು, ಮನೆಯಿಂದ ಹೊರಬೀಳುವುದೇ ದೊಡ್ಡ ಹೆಜ್ಜೆ ಆಗಿರುವವರು ಧಾರಾಳವಾಗಿ ಸರ್ಕ್ಯೂಟ್‌ಗೆ ಹೋಗಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮೂರು ದಿನ ಸರ್ಕ್ಯೂಟ್ ಮಾಡಿದರೆ 90 ನಿಮಿಷ ಆಯಿತು, ಉಳಿದದ್ದಕ್ಕೆ ಬಿರುಸಾದ ನಡಿಗೆ ಸೇರಿಸಿಕೊಳ್ಳಿ. ವ್ಯಾಯಾಮ ಮೊದಲೇ ಬರುವವರಿಗೆ, ಆ ಹೊತ್ತು ಹೊಂದುವವರಿಗೆ ಲೇಡೀಸ್ ಟೈಮ್ ಸಾಕು. ಏನೂ ಗೊತ್ತಿಲ್ಲದೆ ಶುರು ಮಾಡುವವರಿಗೆ ನಾನು ಹೇಳುವುದು ಮೂರನೆಯದನ್ನೇ.

ಆದರೆ ಬೋರ್ಡಿನ ಮೇಲೆ 'ಮಹಿಳೆಯರಿಗೆ ಮಾತ್ರ' ಅಂತ ಇದ್ದರಷ್ಟೇ ಸಾಲದು. ನೀವು ದಿನಾ ಹೋಗುವ ಹೊತ್ತಿಗೇ ಒಂದು ಸಲ ಹೋಗಿ ನೋಡಿ. ಬೆಳಿಗ್ಗೆ ಇರುವ ಟ್ರೈನರ್ ಸಂಜೆ ಇರದೇ ಇರಬಹುದು. ಸ್ವಚ್ಛ ಮಾಡಲು, ಮಷೀನ್ ರಿಪೇರಿಗೆ ಗಂಡಸರು ಯಾವ ಹೊತ್ತಿಗೆ ಒಳಗೆ ಬರುತ್ತಾರೆ, ಒಳಗೆ ಫೋನಲ್ಲಿ ವಿಡಿಯೋ ಮಾಡಲು ಬಿಡುತ್ತಾರಾ, ರಸ್ತೆ ಕಡೆಯ ಗಾಜಿನಿಂದ ಒಳಗಿನದೆಲ್ಲ ಕಾಣುತ್ತಾ, ಇಷ್ಟನ್ನು ಸಂಕೋಚ ಬಿಟ್ಟು ಕೇಳಿ. ನಾನು ಈ ಜಿಮ್ ಸೇರುವ ಮೊದಲು ನೋಡಿಬಂದ ಇನ್ನೊಂದು ಹೆಂಗಸರ ಜಿಮ್‌ನಲ್ಲಿ ಟ್ರೆಡ್‌ಮಿಲ್‌ಗಳೆಲ್ಲ ಬಸ್ ನಿಲ್ಲುವ ಜಾಗಕ್ಕೆ ನೇರವಾಗಿ ಮುಖ ಮಾಡಿದ್ದವು.

ಈಗ ಐದನೇ ತಿಂಗಳು. ಸ್ಟೆಪ್ ಹಲಗೆ 20 ಸೆಂಟಿಮೀಟರ್ ಆಗಿದೆ, ಮನೆಯ ಮೆಟ್ಟಿಲಲ್ಲಿ ಗೋಡೆ ಹಿಡಿಯುವುದನ್ನು ಬಿಟ್ಟಿದ್ದೇನೆ. ದುಡ್ಡು ಈಗಲೂ ತಿಂಗಳ ಲೆಕ್ಕದಲ್ಲೇ ಕಟ್ಟುತ್ತಿದ್ದೇನೆ. ಬಾರ್ ಹೊತ್ತು ಎಂಟು ಸ್ಕ್ವಾಟ್, ಮೂರು ಸೆಟ್ ಆಗುತ್ತಿದೆ. ಮುಂದಿನ ವಾರ ಎರಡೂ ಕಡೆ 1.25 ಕೆಜಿಯ ಪ್ಲೇಟ್ ಹಾಕೋಣ ಅಂದಿದ್ದಾರೆ ಮೇಡಂ.